ಜಾವಾದ ಬೆಟ್ಟದ ಕೆರೆ ನೋಡಲು ಹೋಗಬಹುದಾ ಎಂದು ಕೇಳಿದ್ದಕ್ಕೆ

ಗೌಡ್ರೇ, ಇಂಡೋನೇಷ್ಯಾದ ಜಾವಾ ದ್ವೀಪದ ಕಾಫಿ ತೋಟಗಳ ಪ್ರವಾಸದಲ್ಲಿ ಕೆಲುಡ್, ಇಜೆನ್ ಎರಡೂ ಜ್ವಾಲಾಮುಖಿ ಇವೆ, ತುದಿಯಲ್ಲಿ ಕೆರೆ ಇದೆಯಂತೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಎಂದು ಕೇಳಿದ್ದೀರಿ. ಅದಕ್ಕೆ ಒಬ್ಬರು "ಲಾವಾ ನಿಧಾನ ಬರುತ್ತೆ, ಓಡಿದರಾಯ್ತು" ಎಂದಿದ್ದಾರೆ. ಲಾವಾ ವಿಷಯ ಬಿಡಿ ಸಾರ್. ಕೆಲುಡ್‌ನಲ್ಲಿ ಜಾಸ್ತಿ ಜನ ಸತ್ತಿದ್ದು ಕೆರೆ ನೀರಿನಿಂದ.

ಕೆಲುಡ್ ನಮ್ಮ ಮುಳ್ಳಯ್ಯನಗಿರಿಗಿಂತ ಕುಳ್ಳ, 1,731 ಮೀಟರ್ ಅಷ್ಟೆ. 1919ರ ಮೇ ತಿಂಗಳಲ್ಲಿ ಮಧ್ಯರಾತ್ರಿ ಸಿಡಿದಾಗ ಅದರ ಬಾಯಲ್ಲಿದ್ದ ನೀರು ಸುಮಾರು 4 ಕೋಟಿ ಘನ ಮೀಟರ್. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ 1.4 ಟಿಎಂಸಿ, ಅದೂ ಬೆಟ್ಟದ ನೆತ್ತಿ ಮೇಲೆ. ಅಷ್ಟೂ ನೀರು ಬಿಸಿ ಬೂದಿ, ಕಲ್ಲು, ಮರ ಎಲ್ಲ ಸೇರಿಸಿಕೊಂಡು ಹಳ್ಳ ಹಿಡಿದು ಕೆಳಗಿಳಿಯಿತು. ಬ್ಲಿಟಾರ್ ಊರಿಗೆ ನುಗ್ಗಿತು, ಮೂವತ್ತು ಕಿಲೋಮೀಟರ್ ದಾಟಿ ಹರಿಯಿತು. ಸತ್ತವರು 5,000ಕ್ಕೂ ಹೆಚ್ಚು. ಇಂಥ ಕೆಸರಿನ ಹೊಳೆಗೆ ಲಹಾರ್ ಎನ್ನುತ್ತಾರೆ. ಪ್ರವಾಹ ಅಂದುಕೊಳ್ಳಬೇಡಿ, ಮೋಲ್ಡ್ ಹಾಕುವಾಗ ಮಿಕ್ಸರ್‌ನಿಂದ ಬೀಳುವ ಕಾಂಕ್ರೀಟ್ ಇರುತ್ತಲ್ಲ, ಆ ಹದ. ಮನೆ ಗಾತ್ರದ ಬಂಡೆಯನ್ನೂ ಎತ್ತಿಕೊಂಡು ಬರುತ್ತೆ, ಅದರಲ್ಲಿ ಈಜುವ ಮಾತೇ ಇಲ್ಲ.

ಆಮೇಲೆ, ಆಗ ಅಲ್ಲಿ ಆಳುತ್ತಿದ್ದ ಡಚ್ಚರು ಮಾಡಿದ್ದು ನನಗೆ ಬಹಳ ಹಿಡಿಸಿತು. ಬೆಟ್ಟ ಸಿಡಿಯುವುದನ್ನು ತಡೆಯಲು ಆಗಲ್ಲ, ಕೆರೆ ಖಾಲಿ ಮಾಡಬಹುದಲ್ಲ? ಬೆಟ್ಟದ ಪಕ್ಕೆಯಿಂದ ಸುರಂಗ ಕೊರೆದರು, ಒಂದು ರೀತಿ ತೂಬು ಇಟ್ಟ ಹಾಗೆ. ನೀರು 20 ಲಕ್ಷ ಘನ ಮೀಟರ್‌ಗಿಂತ ಕೆಳಗಿಳಿಯಿತು. 1951ರಲ್ಲಿ ಮತ್ತೆ ಸಿಡಿದಾಗ ಸತ್ತವರು ಬೆರಳೆಣಿಕೆಯಷ್ಟು. ಆದರೆ ಅದೇ ಸ್ಫೋಟದಲ್ಲಿ ಕೆರೆ ತಳ ಇನ್ನೂ ಆಳ ಆಯ್ತು, ಸುರಂಗದ ಬಾಯಿ ಹಾಳಾಯ್ತು, ನೀರು ಮತ್ತೆ ತುಂಬಿತು, 1966ರಲ್ಲಿ 200ಕ್ಕೂ ಹೆಚ್ಚು ಜನ ಹೋದರು. ಅದಾದ ಮೇಲೆ ಇನ್ನೂ ಕೆಳಗೆ ಹೊಸ ಸುರಂಗ ಮಾಡಿದ್ದಾರೆ.

ಇನ್ನೊಂದು ತಿಳಿದಿರಲಿ, ಬೆಟ್ಟ ಸಿಡಿಯಲೇಬೇಕು ಅಂತಿಲ್ಲ. ನ್ಯೂಜಿಲೆಂಡಿನ ರುಆಪೆಹು ಬೆಟ್ಟದಲ್ಲಿ ಹಳೇ ಸ್ಫೋಟದ ಬೂದಿಯೇ ಕೆರೆಗೆ ಏರಿ ಥರ ನಿಂತಿತ್ತು. 1953ರ ಡಿಸೆಂಬರ್ 24ರಂದು ಆ ಏರಿ ಒಡೆಯಿತು. ಕೆಸರು ಬಂದು ಟಾಂಗಿವೈ ರೈಲು ಸೇತುವೆಯನ್ನು ಸಡಿಲ ಮಾಡಿತು, ಸ್ವಲ್ಪ ಹೊತ್ತಿಗೇ ರೈಲು ಬಂತು, 151 ಜನ ಸತ್ತರು. 2007ರ ಮಾರ್ಚಿನಲ್ಲಿ ಅಲ್ಲೇ ಮತ್ತೆ ಏರಿ ಒಡೆದಾಗ ಒಬ್ಬರೂ ಸಾಯಲಿಲ್ಲ, ಯಾಕೆಂದರೆ ಮೇಲೆ ಯಂತ್ರ ಇಟ್ಟಿದ್ದರು, ಎಚ್ಚರಿಕೆ ಬಂದ ತಕ್ಷಣ ರಸ್ತೆ, ರೈಲು ಎರಡೂ ನಿಲ್ಲಿಸಿದರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹೋಗಿ, ಸುಮ್ನೆ ಹೆದರಬೇಡಿ. ಇಂಡೋನೇಷ್ಯಾದಲ್ಲಿ ಪ್ರತಿ ಜ್ವಾಲಾಮುಖಿಗೂ ನಾಲ್ಕು ಹಂತದ ಎಚ್ಚರಿಕೆ ಇದೆ, ಕೆಳಗಿನಿಂದ ಮೇಲಕ್ಕೆ: ನಾರ್ಮಲ್, ವಸ್ಪಾದ, ಸಿಯಾಗಾ, ಆವಾಸ್. ಮ್ಯಾಗ್ಮಾ ಇಂಡೋನೇಷ್ಯಾ ಆ್ಯಪ್‌ನಲ್ಲಿ ಹೊರಡುವ ದಿನ ಬೆಳಿಗ್ಗೆ ನೋಡಿಕೊಳ್ಳಿ. ಸಿಯಾಗಾ ಅಥವಾ ಆವಾಸ್ ಇದ್ದರೆ ಏಜೆಂಟ್ ಏನೇ ಹೇಳಲಿ, ಆ ಕಡೆ ಹೋಗಬೇಡಿ. ಇಜೆನ್ ಕೆರೆ ನೀರು ಪೂರಾ ಆಸಿಡ್, ಗಂಧಕದ ಹೊಗೆ ಬೇರೆ. ಮಾಸ್ಕ್ ಅಲ್ಲೇ ಬಾಡಿಗೆಗೆ ಸಿಗುತ್ತೆ, ಆದರೂ ಉಬ್ಬಸ ಇರುವವರನ್ನು ಕುಳಿಯೊಳಗೆ ಇಳಿಸಬೇಡಿ. ಅಂದಹಾಗೆ ಇಜೆನ್ ಪ್ರಸ್ಥಭೂಮಿಯ ಅರೇಬಿಕಾ ತೋಟ ಮಾತ್ರ ತಪ್ಪಿಸಬೇಡಿ.

ಉಳಿದುಕೊಳ್ಳುವ ಜಾಗ ಹೊಳೆ ಪಕ್ಕ ಬೇಡ, ನೋಟ ಎಷ್ಟೇ ಚೆನ್ನಾಗಿರಲಿ. ಸ್ಫೋಟ ಆಗಿ ತಿಂಗಳುಗಳಾದರೂ ಜೋರು ಮಳೆ ಬಿದ್ದರೆ ಬೂದಿ ಕೊಚ್ಚಿಕೊಂಡು ಲಹಾರ್ ಬರುತ್ತೆ, ಜಾವಾದ್ದೇ ಇನ್ನೊಂದು ಜ್ವಾಲಾಮುಖಿ ಸೆಮೆರು ಬೆಟ್ಟದ ಹೊಳೆಗಳಲ್ಲಿ ಇದು ಮಾಮೂಲು. ಮೇಲಿನಿಂದ ಗುಡುಗುಡು ಸದ್ದು ಕೇಳಿದರೆ ಸೇತುವೆ ದಾಟುವ ಸಾಹಸ ಮಾಡಬೇಡಿ, ಹೊಳೆ ಉದ್ದಕ್ಕೆ ಕೆಳಗೂ ಓಡಬೇಡಿ, ಪಕ್ಕದ ದಿಣ್ಣೆ ಹತ್ತಿ. ನಮ್ಮಲ್ಲಿ ಜ್ವಾಲಾಮುಖಿ ಇಲ್ಲದಿದ್ದರೂ ಈ ಮಾತು ಇಲ್ಲಿಗೂ ಸಲ್ಲುತ್ತೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದಿದ್ದು ಗೊತ್ತಲ್ಲ. ಜೋರು ಮಳೆಯಲ್ಲಿ ತೋಟದ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆ ಆದರೆ ಮೇಲೆ ಎಲ್ಲೋ ಕಟ್ಟಿಕೊಂಡಿರಬಹುದು, ಲೈನ್ ಮನೆಯ ಕೆಲಸದವರನ್ನು ಮೊದಲು ಎಬ್ಬಿಸಿ.

ತಿಂಗಳು ಕೇಳಿದ್ದಿರಿ. ಜನವರಿ, ಫೆಬ್ರವರಿ ಅಲ್ಲಿ ಮಳೆಗಾಲ. ಮೇ ಕೊನೆ ವಾರ ಒಳ್ಳೇದು, ನಮ್ಮ ಮಳೆ ಹಿಡಿಯುವ ಮೊದಲು ವಾಪಸ್ ಬರಬಹುದು. ಸುರಬಾಯದಿಂದ ಹೊರಡುವ ವಿಮಾನಕ್ಕೆ ಒಂದೆರಡು ದಿನ ಕೈಯಲ್ಲಿ ಇಟ್ಟುಕೊಂಡೇ ಟಿಕೆಟ್ ಮಾಡಿಸಿ. 2014ರ ಫೆಬ್ರವರಿಯಲ್ಲಿ ಕೆಲುಡ್ ಸಿಡಿದಾಗ ಬೂದಿಯಿಂದ ಸುರಬಾಯ, ಯೋಗ್ಯಕರ್ತ ವಿಮಾನ ನಿಲ್ದಾಣಗಳನ್ನೇ ಮುಚ್ಚಿದ್ದರು.