ಕೊನೆಯ ಕಂತು 8,883.46 ಆಗಿದ್ದೇಕೆ?

ಒಂದು ಲಕ್ಷ ರೂಪಾಯಿ ಸಾಲಕ್ಕೆ ಶೇ. 12ರ ಬಡ್ಡಿಯಲ್ಲಿ 12 ತಿಂಗಳಿಗೆ ನಿಮ್ಮ ಎಚ್‌ಪಿ-12ಸಿ (ಹಣಕಾಸು ಲೆಕ್ಕದ ಕ್ಯಾಲ್ಕುಲೇಟರ್) ಮಾಸಿಕ ಕಂತನ್ನು 8,884.88 ಎಂದು ತೋರಿಸುತ್ತದೆ, ಬ್ಯಾಂಕಿನ ಪಟ್ಟಿಯಲ್ಲಿ ಮಾತ್ರ ಕಂತು 8,885, ಕೊನೆಯದು 8,883.46 ಎಂದಿದೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿ, ಬ್ಯಾಂಕು ನಿಮ್ಮಿಂದ ಹೆಚ್ಚು ವಸೂಲಿ ಮಾಡಿಲ್ಲ.

ಪರದೆಯ ಮೇಲೆ ಎರಡೇ ದಶಮಾಂಶ ಸ್ಥಾನಗಳು ಕಂಡರೂ ಯಂತ್ರವು ಒಳಗೆ 8884.878868 ಎಂಬ ಉದ್ದನೆಯ ಸಂಖ್ಯೆಯನ್ನೇ ಇಟ್ಟುಕೊಂಡಿರುತ್ತದೆ. ಅಷ್ಟನ್ನು ಯಾರೂ ಪಾವತಿಸಲಾರರಾದ್ದರಿಂದ ಬ್ಯಾಂಕು ಅದನ್ನು ಪೂರ್ಣ ರೂಪಾಯಿಗೆ ಏರಿಸಿದೆ. ಹೀಗೆ ಪ್ರತಿ ತಿಂಗಳು ನೀವು ಹೆಚ್ಚಾಗಿ ಕಟ್ಟುವ 12 ಪೈಸೆ ಅಸಲಿಗೆ ಜಮೆಯಾಗಿ, ಅದರ ಮೇಲಿನ ಬಡ್ಡಿಯೂ ಉಳಿದು, ವರ್ಷದ ಕೊನೆಗೆ 1.54 ರೂಪಾಯಿಯಾಗುತ್ತದೆ, ಕೊನೆಯ ಕಂತಿನಲ್ಲಿ ಕಳೆದಿರುವುದು ಅದನ್ನೇ.

ಇದನ್ನು ನೀವೇ ಪರೀಕ್ಷಿಸಬಹುದು. ಸಾಲದ ಮೊತ್ತವೂ ಶೇ. 1ರ ಮಾಸಿಕ ದರವೂ ಹಾಗೆಯೇ ಇರಲಿ. ಪಿಎಂಟಿಗೆ (ಕಂತಿನ ಕೀಲಿ) 8,885 ಅನ್ನು ಋಣಚಿಹ್ನೆಯೊಂದಿಗೆ ತುಂಬಿ, 12 ಕಂತುಗಳಿಗೆ ಅಮಾರ್ಟ್ (ಕಂತುಗಳನ್ನು ಬಡ್ಡಿ ಮತ್ತು ಅಸಲಾಗಿ ವಿಂಗಡಿಸುವ ಕೀಲಿ) ಚಲಾಯಿಸಿ, ಪಿವಿಯನ್ನು, ಅಂದರೆ ಉಳಿದ ಬಾಕಿಯನ್ನು, ಮರಳಿ ಕರೆಯಿರಿ: –1.54 ಬರುತ್ತದೆ, ಅಂದರೆ ಅಷ್ಟು ಹೆಚ್ಚು ಕಟ್ಟಿದಂತಾಗಿದೆ. ಅಮಾರ್ಟ್ ಪ್ರತಿ ತಿಂಗಳ ಬಡ್ಡಿಯನ್ನು ಪರದೆಗೆ ನಿಗದಿಪಡಿಸಿದ ದಶಮಾಂಶ ಸ್ಥಾನಗಳಿಗೇ ಪೂರ್ಣಾಂಕಗೊಳಿಸುವುದರಿಂದ, ಮೊದಲು ಎರಡು ಸ್ಥಾನಗಳನ್ನು ನಿಗದಿಪಡಿಸುವುದು ಅಗತ್ಯ. ಎಕ್ಸೆಲ್‌ನಲ್ಲಿ ಕೋಶದ ಫಾರ್ಮ್ಯಾಟ್ ಬದಲಿಸಿದರೆ ಸಾಲದು, ರೌಂಡ್ ಸೂತ್ರವನ್ನೇ ಬಳಸಬೇಕು. ಬಹಳಷ್ಟು ಜನರ ಲೆಕ್ಕ ತಪ್ಪುವುದು ಇಲ್ಲಿಯೇ.

ಕಂತನ್ನು 8,884ಕ್ಕೆ ಇಳಿಸಿದ್ದರೆ ಕೊನೆಯ ತಿಂಗಳು ಸುಮಾರು 11 ರೂಪಾಯಿ ಹೆಚ್ಚು ಕಟ್ಟಬೇಕಾಗುತ್ತಿತ್ತು. ಇದೇ ದರದ 20 ವರ್ಷಗಳ ಸಾಲದಲ್ಲಿ ಕಂತಿನ 50 ಪೈಸೆ ವ್ಯತ್ಯಾಸವೂ ಕೊನೆಗೆ ಸುಮಾರು 495 ರೂಪಾಯಿಯಾಗಿ ಬೆಳೆಯುವುದರಿಂದ, ಗೃಹಸಾಲದ ಪಟ್ಟಿ ಕೈಸೇರಿದಾಗ ಅದರ ಕೊನೆಯ ಸಾಲನ್ನು ತಪ್ಪದೆ ನೋಡಿ.