ಕೆಸರು ಕೊಡುವ ಕರೆಂಟು

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ಸೂಕ್ಷ್ಮಜೀವಿ ಅಂದರೆ ಕಾಯಿಲೆ ಅಂತಲೇ ಅವಳ ತಲೆಯಲ್ಲಿ ಕೂತಿದೆ. ಅವು ಕರೆಂಟೂ ಕೊಡುತ್ತವೆ ಎಂದು ತೋರಿಸಲು ಕೆಸರಿಗೆ ತಾಮ್ರ, ಸತುವಿನ ತಗಡು ಚುಚ್ಚಿದೆ. ತಕ್ಷಣ ಮೀಟರ್ ಮುಕ್ಕಾಲು ವೋಲ್ಟ್ ತೋರಿಸಿತು! ಇದು ಅವುಗಳದ್ದೇ ಕೆಲಸ ಅಲ್ವಾ?

ಉತ್ತರ: ಅಲ್ಲಮ್ಮ, ಅದು ಲೋಹದ ಕೆಲಸ. ಸತು ಕರಗುತ್ತಾ ಕೊಟ್ಟ ಕರೆಂಟು. ಉಪ್ಪುನೀರಿಗೆ ಚುಚ್ಚಿದ್ದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. ನಾನು ಪಾಠ ಮಾಡಲು ಶುರುಮಾಡಿದ ಹೊಸದರಲ್ಲಿ ಇದೇ ತಪ್ಪು ಮಾಡಿ, ಮಕ್ಕಳಿಗೆ ತಪ್ಪಾಗಿಯೇ ಹೇಳಿಕೊಟ್ಟಿದ್ದೆ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಎರಡೂ ಕಡೆ ಒಂದೇ ವಸ್ತು ಇರಬೇಕು. ಕಾರ್ಬನ್ ಫೆಲ್ಟ್, ಅಂದರೆ ಕಾರ್ಬನ್ ಎಳೆಗಳಿಂದ ಮಾಡಿದ ದಪ್ಪ ಬಟ್ಟೆಯಂಥದ್ದು, ಅದರ ತುಂಡುಗಳು ಒಳ್ಳೆಯವು. ಕೆರೆಯ ತಳದ ಕಪ್ಪು ಕೆಸರನ್ನು ಜಾಡಿಗೆ ತುಂಬಿ. ಒಂದು ತುಂಡನ್ನು ಆಳದಲ್ಲಿ ಹೂಳಿ, ಇನ್ನೊಂದನ್ನು ಮೇಲಿಟ್ಟು, ಅದು ತೋಯುವಷ್ಟು ನೀರು ಹಾಕಿ. ಮುಚ್ಚಳ ಬೇಡ, ಮೇಲಿನ ತುಂಡಿಗೆ ಗಾಳಿ ಬೇಕು. ಎರಡರ ವೈರುಗಳ ನಡುವೆ 1000 ಓಮ್ ರೆಸಿಸ್ಟರ್ (ಕರೆಂಟಿನ ಹರಿವಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ) ಸೇರಿಸಿ. ವೈರಿನ ತಾಮ್ರ ಕೆಸರಿಗೆ ತಾಗದಂತೆ ಅಂಟು ಬಳಿಯಿರಿ, ಇಲ್ಲದಿದ್ದರೆ ಮತ್ತೆ ಲೋಹವೇ ಮೋಸ ಮಾಡುತ್ತದೆ. ಕೆಸರು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ.

ಆಮೇಲೆ ಕಾಯಬೇಕು. ದಿನಾ ಒಂದೇ ಹೊತ್ತಿಗೆ ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿದು ಅವಳೇ ಬರೆದಿಡಲಿ. ನಮ್ಮ ತರಗತಿಯ ಜಾಡಿ ಎಂಟು ದಿನ ಸುಮ್ನೆ ಕೂತಿತ್ತು. ಒಂಬತ್ತನೇ ಬೆಳಿಗ್ಗೆ 31 ಮಿಲಿವೋಲ್ಟ್ ಇದ್ದದ್ದು 118 ಆಗಿತ್ತು. ಮೀಟರ್ ಹಿಡಿದಿದ್ದ ಹುಡುಗ ಪಿಸುಮಾತಲ್ಲಿ, "ಟೀಚರ್, ಎದ್ದಿವೆ" ಅಂದ.

ಆಳದ ಕೆಸರಿನಲ್ಲಿ ಆಮ್ಲಜನಕ ಇಲ್ಲ. ಅಲ್ಲಿ ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು, ಬೇರೆಯವು ಕೊಳೆಸಿಕೊಟ್ಟ ಎಲೆಯ ಸಾರ ತಿಂದು, ಎಲೆಕ್ಟ್ರಾನುಗಳನ್ನು ಕಾರ್ಬನ್ನಿಗೆ ದಾಟಿಸುತ್ತವೆ. ಆ ಎಲೆಕ್ಟ್ರಾನುಗಳು ವೈರು ಹಿಡಿದು ಮೇಲೆ ಬಂದು ಗಾಳಿಯ ಆಮ್ಲಜನಕ ಸೇರುತ್ತವೆ. ಎಲೆ ಬೆಳೆದದ್ದು ಬಿಸಿಲಿನಿಂದ. ಎಲೆ ಮತ್ತೆ ಮತ್ತೆ ಬೆಳೆಯುತ್ತದೆ, ಉದುರುತ್ತದೆ. ನವೀಕರಿಸಬಹುದಾದ ಶಕ್ತಿ ಅಂದರೇನು ಎಂದು ಬಾಯಿಪಾಠ ಮಾಡಿಸುವ ಬದಲು ಈ ಜಾಡಿಯನ್ನೇ ತೋರಿಸಿ. ಸೂಕ್ಷ್ಮಜೀವಿಗಳಿಂದ ವಿದ್ಯುತ್ ಬರುತ್ತದೆ ಎಂದು ಪಾಟರ್ ಎಂಬ ಸಸ್ಯವಿಜ್ಞಾನಿ 1911ರಲ್ಲೇ ತೋರಿಸಿದ್ದರು.

ಒಂದೇ ಜಾಡಿಯಿಂದ ಎಲ್ಇಡಿ ಹೊತ್ತುವುದಿಲ್ಲ. ಕೆಂಪು ಎಲ್ಇಡಿಗೂ ಸುಮಾರು 1.8 ವೋಲ್ಟ್ ಬೇಕು. ಇದನ್ನು ಅವಳಿಗೆ ಮೊದಲೇ ಹೇಳಿಬಿಡಿ.

ಪಕ್ಕದಲ್ಲೇ ಚೆನ್ನಾಗಿ ಕುದಿಸಿ ಆರಿಸಿದ ಕೆಸರಿನ ಇನ್ನೊಂದು ಜಾಡಿ ಇಡಿ. ಅದರ ಅಂಕಿ ಕೆಳಗೇ ಇರುವುದು ಕಂಡರೆ, ಕೆಲಸ ಯಾರದ್ದು ಎಂದು ಅವಳಿಗೇ ಹೊಳೆಯುತ್ತದೆ. ತುಂಬಾ ದಿನ ಬಿಟ್ಟರೆ ಅದೂ ಮೆಲ್ಲಗೆ ಏರಬಹುದು. ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಕವಚದೊಳಗೆ ಮಲಗಿ ಕುದಿನೀರನ್ನೂ ತಾಳಿಕೊಳ್ಳುತ್ತವೆ. ಹಾಗಾದರೆ ನೀವಾಗಿ ಕಾರಣ ಹೇಳಬೇಡಿ, ಅವಳೇ ಕೇಳಲಿ.