ಫೀಡ್‌ನಲ್ಲಿ ಕಾಣದಾದ ಲೇಖನಗಳು

ಮಾನ್ಯರೇ,

ಇಳಕಲ್ಲಿನಿಂದ ತಾವು ಬರೆದ ಪತ್ರ ತಲುಪಿದೆ. ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲ್ ತೆರೆದರೆ ಕಾಣಿಸುತ್ತಿದ್ದ ನಮ್ಮ ಪತ್ರಿಕೆಯ ಲೇಖನಗಳು ದೀಪಾವಳಿಯಿಂದೀಚೆಗೆ ಒಂದೂ ಬಂದಿಲ್ಲವೆಂದೂ, ಜಾಲತಾಣವನ್ನು ಮುಚ್ಚಿದಿರೋ ಅಥವಾ ನಮ್ಮ ಭಾಗದ ಬಗ್ಗೆ ಬರೆಯುವುದನ್ನೇ ಬಿಟ್ಟಿರೋ ಎಂದೂ ಕೇಳಿದ್ದೀರಿ. ಎರಡೂ ಅಲ್ಲ. ಬಾಗಲಕೋಟೆ ನವನಗರದ ಈ ಕಚೇರಿಯಿಂದ ಮೊದಲಿನಷ್ಟೇ ಲೇಖನಗಳು ಹೊರಡುತ್ತಿವೆ. ಅವು ತಮ್ಮ ಕೈ ಸೇರುವ ದಾರಿ ಮಾತ್ರ ನಮ್ಮ ವಶದಲ್ಲಿಲ್ಲ.

ತಾವು ಬೆಳಿಗ್ಗೆ ನೋಡುತ್ತಿದ್ದದ್ದು ನಮ್ಮ ಜಾಲತಾಣವನ್ನಲ್ಲ, ಬೇರೊಂದು ಕಂಪನಿಯ ಫೀಡನ್ನು, ಅಂದರೆ ಅದು ತಾನೇ ಆಯ್ದು ಒಂದರ ಕೆಳಗೊಂದು ತೋರಿಸುವ ಲೇಖನಗಳ ಸಾಲನ್ನು. ಹುಡುಕಾಟದಲ್ಲಿ ಓದುಗರು ತಮಗೆ ಬೇಕಾದ ಪದವನ್ನು ತಾವೇ ಬರೆಯುತ್ತಾರೆ. ಫೀಡ್‌ನಲ್ಲಿ ಯಾರೂ ಏನನ್ನೂ ಕೇಳಿರುವುದಿಲ್ಲ; ಹಿಂದೆ ಏನನ್ನು ಓದಿದರು, ಯಾವುದನ್ನು ತೆರೆಯದೆ ಮುಂದೆ ಸರಿಸಿದರು ಎಂಬ ಗುರುತುಗಳನ್ನು ಕೂಡಿಸಿ ಅಲ್ಗಾರಿದಮ್, ಅಂದರೆ ಕಂಪನಿಯ ಕಂಪ್ಯೂಟರಿನ ಲೆಕ್ಕಾಚಾರ, ಅವರಿಗೆ ಯಾವುದು ಬೇಕಾದೀತೆಂದು ಊಹಿಸುತ್ತದೆ. ಆ ಲೆಕ್ಕವನ್ನು ಕಂಪನಿ ತಿದ್ದಿದ ದಿನ, ಒಂದಕ್ಷರವೂ ಬದಲಾಗದ ಲೇಖನ ಸಾವಿರಾರು ಫೋನ್‌ಗಳಿಂದ ಮರೆಯಾಗಬಹುದು. ಡಿಸ್ಕವರ್ ಎಂಬ ತನ್ನ ಫೀಡ್‌ನಿಂದ ಬರುವ ಓದುಗರನ್ನು ಹುಡುಕಾಟದಿಂದ ಬರುವವರಷ್ಟು ನೆಚ್ಚಿಕೊಳ್ಳುವಂತಿಲ್ಲವೆಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹೇಳಿಕೊಂಡಿದೆ.

ಇದು ಹೊಸ ಸಂಗತಿಯೇನಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಬಂಧುಮಿತ್ರರ ಬರಹಗಳಿಗೆ ಆದ್ಯತೆ ಕೊಡುವುದಾಗಿ ಪ್ರಕಟಿಸಿತು; ಸುದ್ದಿಯ ಪಾಲು ಸುಮಾರು ಶೇ 5ರಿಂದ ಶೇ 4ಕ್ಕೆ ಇಳಿಯಲಿದೆ ಎಂದು ಅದರ ಮುಖ್ಯಸ್ಥ ಜುಕರ್‌ಬರ್ಗ್ ತಿಳಿಸಿದರು. ಕೇಳಲು ಒಂದೇ ಅಂಶದ ಇಳಿಕೆ, ಆದರೆ ಪ್ರಕಾಶಕರ ಕಡೆಯಿಂದ ಎಣಿಸಿದರೆ ಇದ್ದ ಜಾಗದಲ್ಲಿ ಐದನೆಯ ಒಂದು ಪಾಲು ಹೋದಂತೆ. ಗೂಗಲ್ 2024ರ ಮಾರ್ಚ್‌ನಲ್ಲಿ ಆರಂಭಿಸಿದ ಹುಡುಕಾಟದ ಲೆಕ್ಕಾಚಾರದ ಪರಿಷ್ಕರಣೆ ಪೂರ್ತಿಯಾಗಲು 45 ದಿನ ಹಿಡಿಯಿತು. ಅಂಥ ದಿನಗಳಲ್ಲಿ ಇವತ್ತಿನ ಏರಿಳಿತವನ್ನು ನಾಳೆಗೆ ನಂಬುವ ಹಾಗಿರುವುದಿಲ್ಲ.

ತಮ್ಮೂರ ಸೀರೆಯ ಕೊಂಡಿಯ ಬಗ್ಗೆ ನಾವು ಪ್ರಕಟಿಸಿದ ಲೇಖನವನ್ನೇ ನೋಡಿ. ಸೀರೆಯ ಒಡಲಿನ ಉದ್ದನೆಯ ಎಳೆಗಳಿಗೆ ಸೆರಗಿನ ಉದ್ದನೆಯ ರೇಷ್ಮೆ ಎಳೆಗಳನ್ನು ಎಳೆ ಎಳೆಗೂ ಕುಣಿಕೆ ಹಾಕಿ ಜೋಡಿಸುವ ಆ ಕೆಲಸವನ್ನು ನೋಡಲು ನಮ್ಮ ವರದಿಗಾರ್ತಿ ಮೂರು ಸಲ ಇಳಕಲ್ಲಿಗೆ ಬಂದಿದ್ದರು. (ಜಾಲತಾಣದವರು ಲಿಂಕ್‌ಗೂ ಕೊಂಡಿ ಎಂದೇ ಅನ್ನುತ್ತೇವೆ, ತಮ್ಮೂರ ಕೊಂಡಿ ನಮ್ಮದಕ್ಕಿಂತ ಗಟ್ಟಿ.) ಓದಿನ ಲೆಕ್ಕ ತೋರಿಸುವ ಪರದೆಯ ಮೇಲೆ ಗೆರೆ ಎರಡು ದಿನ ನೆಟ್ಟಗೆ ಮೇಲೇರಿತು, ಮೂರನೆಯ ದಿನ ನೆಲಕ್ಕೆ ಮಲಗಿತು. ಕಚೇರಿಯ ಹುಡುಗ ಇನ್ನೂ ಅಗಲವಾದ ಚಿತ್ರ ಹಾಕಿದ. ಒಂದು ದಿನ ಗೆರೆ ತಲೆಯೆತ್ತಿ ಮತ್ತೆ ಮಲಗಿತು. ಎದ್ದದ್ದು ಚಿತ್ರದಿಂದಲೋ ಕಾಕತಾಳೀಯವೋ, ಹೇಳುವವರಿಲ್ಲ. ‘ಈ ಸೀರೆಯ ಗುಟ್ಟು ಕೇಳಿದರೆ ಬೆಚ್ಚಿಬೀಳುತ್ತೀರಿ’ ಎಂದು ತಲೆಬರಹ ಬದಲಿಸೋಣವೇ ಎಂದು ಅವನು ಕೇಳಿದಾಗ ನಾನು ಒಪ್ಪಲಿಲ್ಲ. ದಿನವೂ ಮಗ್ಗದ ಮುಂದೆ ಕೂರುವವರ ಮನೆಯಲ್ಲಿ ಅದನ್ನು ಓದಿ ನಗುತ್ತಿದ್ದರು.

ನಷ್ಟವಿಲ್ಲವೆಂದಲ್ಲ. ಪುಟ ತೆರೆದವರ ಸಂಖ್ಯೆಯ ಮೇಲೆ ಜಾಹೀರಾತಿನ ಹಣ ಬರುತ್ತದೆ, ಆ ಹಣದಿಂದಲೇ ಊರೂರಿನ ಬರಹಗಾರರಿಗೆ ಸಂಭಾವನೆ ಹೋಗುತ್ತದೆ. ಈಗ ಮೂರು ಸಲ ಹೋಗಬೇಕಾದ ಊರಿಗೆ ಒಂದೇ ಸಲ ಕಳಿಸಲು ಸಾಧ್ಯವಾಗುತ್ತಿದೆ. ತಪ್ಪು ನಮ್ಮದೂ ಇದೆ: ಫೀಡ್‌ನಿಂದ ಓದುಗರು ತಾವಾಗಿಯೇ ಬರುತ್ತಿದ್ದ ಕಾಲದಲ್ಲಿ ಚಂದಾದಾರರ ಪಟ್ಟಿಯನ್ನು ಬೆಳೆಸುವ ಗೋಜಿಗೆ ನಾವು ಹೋಗಲಿಲ್ಲ. ಈ ತಿಂಗಳಿನಿಂದ ಪ್ರತಿ ಶನಿವಾರ ವಾರದ ಲೇಖನಗಳ ಕೊಂಡಿಗಳನ್ನು, ಬೇಕೆಂದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ನೇರವಾಗಿ ಕಳಿಸುತ್ತಿದ್ದೇವೆ. ತಮ್ಮ ಪತ್ರದಲ್ಲಿ ಫೋನ್ ಸಂಖ್ಯೆ ಇರಲಿಲ್ಲವಾದ್ದರಿಂದ, ಸೀರೆಯ ಕೊಂಡಿಯ ಲೇಖನವಿರುವ ಮುದ್ರಿತ ಸಂಚಿಕೆಯನ್ನು ಸದ್ಯಕ್ಕೆ ಅಂಚೆಯಲ್ಲಿ ಕಳಿಸಿದ್ದೇವೆ.

— ಸಂಪಾದಕ